ಕಬ್ಬಿನ ಸೀಮೆಯ ಪ್ರವಾಸ: ಗೌರಿಬಿದನೂರಿನ ಮಕ್ಕಳಿಗೆ ಮಂಡ್ಯದಲ್ಲಿ ಏನನ್ನು ತೋರಿಸಬೇಕು?

ಪಿನಾಕಿನಿ ದಂಡೆ (ಗೌರಿಬಿದನೂರು)

ಎಲ್ಲರಿಗೂ ನಮಸ್ಕಾರ. ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ಈ ಡಿಸೆಂಬರ್‌ನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಎರಡು ದಿನಗಳ ಪ್ರವಾಸಕ್ಕೆ ಮಂಡ್ಯ ಜಿಲ್ಲೆಗೆ ಕರೆದುಕೊಂಡು ಹೋಗಬೇಕೆಂದು ಶಾಲೆಯಲ್ಲಿ ತೀರ್ಮಾನವಾಗಿದೆ. ಈ ದಾರಿಯ ಪ್ರವಾಸ ಹೇಗಿರುತ್ತದೆಂಬುದು ನಿಮಗೆಲ್ಲ ಗೊತ್ತೇ ಇದೆ. ಶ್ರೀರಂಗಪಟ್ಟಣದ ದೇವಸ್ಥಾನ, ಕೋಟೆಯ ಒಂದು ಮೂಲೆ, ಸಂಜೆ ಬೃಂದಾವನದ ಕಾರಂಜಿ, ಮದ್ದೂರಿನಲ್ಲಿ ವಡೆ, ಅಲ್ಲಿಂದ ಮನೆಗೆ. ರಸ್ತೆಯ ಎರಡೂ ಬದಿಗೆ ಮೈಲುಗಟ್ಟಲೆ ನಿಂತಿರುವ ಕಬ್ಬನ್ನು ಮಕ್ಕಳು ಬಸ್ಸಿನ ಕಿಟಕಿಯಿಂದ ನೋಡುತ್ತಾರೆ, ಅಷ್ಟೇ. ಆ ಕಬ್ಬನ್ನೇ ನಡುವಿನಲ್ಲಿಟ್ಟುಕೊಂಡು, ಅದರ ಸುತ್ತ ಬೆಳೆದ ಊರು, ನೀರು, ಹಬ್ಬ, ಚರಿತ್ರೆಗಳನ್ನು ತೋರಿಸಲು ಸಾಧ್ಯವೇ ಎಂದು ಈ ಸಲ ಯೋಚಿಸುತ್ತಿದ್ದೇನೆ.

ಇದಕ್ಕೆ ಕಾರಣ ನಮ್ಮ ತಾಲ್ಲೂಕೇ. ಉತ್ತರ ಪಿನಾಕಿನಿಯ ದಂಡೆಯಲ್ಲಿ, ಕೆರೆಗಳ ಅಚ್ಚುಕಟ್ಟಿನಲ್ಲಿ ಹಿಂದೆ ಕಬ್ಬು ಬೆಳೆಯುತ್ತಿತ್ತು. ಗೌರಿಬಿದನೂರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ನಡೆದಿತ್ತು. ಇಂದು ಕಾರ್ಖಾನೆ ನಿಂತುಹೋಗಿದೆ, ನದಿಯಲ್ಲಿ ಮಳೆ ಬಂದಾಗ ಬಿಟ್ಟರೆ ನೀರಿಲ್ಲ, ಹೊಲಗಳು ಮುಸುಕಿನ ಜೋಳಕ್ಕೂ ಹಿಪ್ಪುನೇರಳೆಗೂ ತಿರುಗಿವೆ. ಅಜ್ಜಂದಿರು ಕಬ್ಬಿನ ಗಾಡಿ ಹೊಡೆದ ಊರಿನಲ್ಲೇ ಮೊಮ್ಮಕ್ಕಳು ಕಬ್ಬೆಂದರೆ ಸಂಕ್ರಾಂತಿಗೆ ಸಂತೆಯಲ್ಲಿ ಕೊಳ್ಳುವ ಜಲ್ಲೆ ಎಂದುಕೊಂಡಿದ್ದಾರೆ. ಹೀಗಾಗಿ ಆಲೆಮನೆಯನ್ನು ಯಾವ ಊರಿನಲ್ಲಿ, ದಿನದ ಯಾವ ಹೊತ್ತಿನಲ್ಲಿ ನೋಡುವುದು ಒಳ್ಳೆಯದು, ನಾಲೆ ಮತ್ತು ಅಣೆಕಟ್ಟೆಯ ಚರಿತ್ರೆಯನ್ನು ಮಕ್ಕಳಿಗೆ ಅರ್ಥವಾಗುವಂತೆ ಎಲ್ಲಿ ನಿಂತು ಹೇಳಬಹುದು, ನಮ್ಮ ಜಿಲ್ಲೆಗೂ ಆ ಸೀಮೆಗೂ ಏನಾದರೂ ನಂಟಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಬಸ್ಸು ತುಮಕೂರು, ಕುಣಿಗಲ್ ಮೇಲೆ ಹೋಗಿ ಬೆಂಗಳೂರಿನ ಮೇಲೆ ಹಿಂತಿರುಗಲೂ ಅನುಕೂಲವಿದೆ.

ಹುಲಿಯೂರುದುರ್ಗದ ದಾರಿ (ಕುಣಿಗಲ್)

ಮೇಷ್ಟ್ರೇ, ಕುಣಿಗಲ್ ಮೇಲೆ ಬರುವ ನಿಮ್ಮ ಯೋಚನೆ ಬಹಳ ಸರಿಯಾದದ್ದು. ಕುಣಿಗಲ್ಲಿನಿಂದ ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ಇಳಿಯುವ ರಸ್ತೆಯಲ್ಲಿ ರಾಗಿಯ ಹೊಲ ಮತ್ತು ತೆಂಗಿನ ತೋಟ ಹಿಂದೆ ಸರಿದು ಕಬ್ಬು ಮತ್ತು ಗದ್ದೆ ಮುಂದೆ ಬರುವುದನ್ನು ಮಕ್ಕಳು ತಮ್ಮ ಕಣ್ಣಾರೆ ಕಾಣುತ್ತಾರೆ. ನಾಲೆಯ ನೀರು ಎಲ್ಲಿಂದ ಶುರುವಾಯಿತೆಂದು ಯಾರೂ ಬೋರ್ಡು ಹಾಕಬೇಕಾಗಿಲ್ಲ, ನೆಲದ ಬಣ್ಣವೇ ಹೇಳುತ್ತದೆ.

ನನ್ನ ಸೋದರಮಾವನವರದು ಮದ್ದೂರಿನ ಕಡೆ ಆಲೆಮನೆ. ಚಿಕ್ಕಂದಿನಿಂದ ಅಲ್ಲಿ ಓಡಾಡಿದವನಾದ್ದರಿಂದ ಮಕ್ಕಳು ಏನನ್ನು ಗಮನಿಸಬೇಕೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹೆಚ್ಚಿನ ಶಾಲೆಗಳವರು ಆಲೆಮನೆಗೆ ಬಂದು ಒಂದೊಂದು ಲೋಟ ಕಬ್ಬಿನ ಹಾಲು ಕುಡಿದು, ಒಂದು ತುಂಡು ಬಿಸಿ ಬೆಲ್ಲ ತಿಂದು, ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಕೆಲಸದ ಒಂದು ಸುತ್ತನ್ನು ಪೂರ್ತಿಯಾಗಿ ನೋಡದಿದ್ದರೆ ಆಲೆಮನೆ ನೋಡಿದಂತಾಗುವುದಿಲ್ಲ, ಮತ್ತು ಆ ಸುತ್ತಿಗೆ ಎರಡೂವರೆಯಿಂದ ಮೂರು ಗಂಟೆ ಬೇಕು.

ಕಡಿದ ಕಬ್ಬನ್ನು ಹೆಚ್ಚು ಹೊತ್ತು ಇಡುವಂತಿಲ್ಲ. ಕಡಿದ ಗಳಿಗೆಯಿಂದಲೇ ಅದರ ಸಿಹಿ ಇಳಿಯತೊಡಗುತ್ತದೆ, ಒಂದು ದಿನ ಬಿಸಿಲಿಗೆ ಬಿದ್ದ ಕಬ್ಬಿನಿಂದ ಗಟ್ಟಿ ಬೆಲ್ಲ ಕಟ್ಟುವುದೇ ಕಷ್ಟ. ಈ ಒಂದು ಸಂಗತಿ ತಿಳಿದರೆ ಆಲೆಮನೆಗಳು ಗದ್ದೆಯ ಪಕ್ಕದಲ್ಲೇ ಏಕಿವೆ, ಕಬ್ಬು ಕಡಿಯಲು ರೈತನಿಗೆ ಅಷ್ಟೊಂದು ಅವಸರವೇಕೆ, ಕಾರ್ಖಾನೆಯ ಮುಂದೆ ಲಾರಿಗಳು ಸಾಲುಗಟ್ಟಿ ನಿಂತರೆ ಅವನ ಹೊಟ್ಟೆ ಏಕೆ ಉರಿಯುತ್ತದೆ ಎಂಬುದೆಲ್ಲ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ಗಾಣಕ್ಕೆ ಹಿಂದೆ ಎತ್ತು ಕಟ್ಟುತ್ತಿದ್ದರು, ಈಗ ಕರೆಂಟಿನ ಮೋಟಾರು. ಅರೆದ ಹಾಲು ತೊಟ್ಟಿಗೆ ಇಳಿದು, ಬಟ್ಟೆಯಲ್ಲಿ ಸೋಸಿ ಕೊಪ್ಪರಿಗೆಗೆ ಬರುತ್ತದೆ. ಅರೆದುಳಿದ ರಚ್ಚನ್ನು ಅಂಗಳದಲ್ಲಿ ಒಣಗಿಸಿ ಅದನ್ನೇ ಒಲೆಗೆ ಹಾಕುತ್ತಾರೆ. ಒಣ ರಚ್ಚು ಚೆನ್ನಾಗಿದ್ದರೆ ಹೊರಗಿನ ಸೌದೆಯೇ ಬೇಕಾಗುವುದಿಲ್ಲ.

ಹಾಲು ಕಾದಂತೆ ಮೇಲೆ ಕಪ್ಪನೆಯ ಮಡ್ಡಿ ಏಳುತ್ತದೆ. ಅದನ್ನು ಎಬ್ಬಿಸಲು ಸುಣ್ಣದ ತಿಳಿ ಹಾಕುತ್ತಾರೆ, ಹಳೆಯ ಪದ್ಧತಿಯವರು ಬೆಂಡೆಯ ಗಿಡವನ್ನು ಜಜ್ಜಿ ಅದರ ಲೋಳೆಯನ್ನೂ ಬಿಡುತ್ತಾರೆ. ಲೋಳೆಗೆ ಕೊಳೆಯೆಲ್ಲ ಅಂಟಿಕೊಂಡು ಮೇಲೆ ಬರುತ್ತದೆ, ಉದ್ದ ಹಿಡಿಯ ಜಾಲರಿಯಲ್ಲಿ ಅದನ್ನು ಬಾಚಿ ತೆಗೆಯುತ್ತಾರೆ. ಆಮೇಲೆ ಬರುವುದು ಪಾಕ ನೋಡುವ ಘಳಿಗೆ. ಕೊಪ್ಪರಿಗೆಯ ಬಳಿ ನಿಂತವನು ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆ ಮಾಡುತ್ತಾನೆ, ಕಲ್ಲಿಗೋ ಕೊಪ್ಪರಿಗೆಯ ಅಂಚಿಗೋ ಹೊಡೆದು ಅದರ ಸದ್ದು ಕೇಳುತ್ತಾನೆ. ಗಡಿಯಾರವನ್ನಾಗಲಿ ಉಷ್ಣಮಾಪಕವನ್ನಾಗಲಿ ಅವನು ನೋಡುವುದಿಲ್ಲ. ಅವನು ಕೈ ಎತ್ತಿದ ಕೂಡಲೇ ಕೊಪ್ಪರಿಗೆ ಬಾಗುತ್ತದೆ, ಪಾಕ ಹರಿದು ತೊಟ್ಟಿಗೆ ಬೀಳುತ್ತದೆ, ಗೋರುಮಣೆಯಿಂದ ಎಳೆದೆಳೆದು ಆರಿಸಿ ಅಚ್ಚಿಗೋ ಬಕೆಟ್ಟಿಗೋ ತುಂಬುತ್ತಾರೆ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ 100 ಕೆ.ಜಿ. ಬೆಲ್ಲವೆಂಬ ಲೆಕ್ಕವನ್ನು ಮಕ್ಕಳಿಗೆ ಮೊದಲೇ ಕೊಟ್ಟಿರಿ, ಅಲ್ಲಿಗೆ ಬಂದ ಮೇಲೆ ಅವರೇ ತಾಳೆ ನೋಡಲಿ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬಂಗಾರದ ಬಣ್ಣದ ಬೆಲ್ಲವನ್ನು ಕಂಡು ಮಕ್ಕಳೂ ಶಿಕ್ಷಕರೂ ಮೆಚ್ಚುತ್ತಾರೆ. ಆ ಬಣ್ಣಕ್ಕಾಗಿ ಹಲವೆಡೆ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುತ್ತಾರೆ, ಏಕೆಂದರೆ ಕಂದು ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಬೆಲ್ಲ ಮಾಡುವವರನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಕೊಳ್ಳುವ ನಮ್ಮ ಕಣ್ಣು ಬದಲಾಗಬೇಕು. ಮಕ್ಕಳಿಗೆ ಎರಡೂ ಬಗೆಯ ಬೆಲ್ಲದ ರುಚಿ ತೋರಿಸಿ. ಕೆಲಸಗಾರರನ್ನೂ ಮಾತಾಡಿಸಲು ಹೇಳಿ. ಈಗ ಅನೇಕ ಆಲೆಮನೆಗಳಲ್ಲಿ ಉತ್ತರ ಭಾರತದಿಂದ ಬಂದವರೇ ದುಡಿಯುತ್ತಿದ್ದಾರೆ, ಮನೆಮಠ ಬಿಟ್ಟು ಬಂದ ಅವರ ಬದುಕೂ ಈ ಸೀಮೆಯ ಕಥೆಯೇ. ಕೊಪ್ಪರಿಗೆಯ ಹತ್ತಿರ ಮಾತ್ರ ಮಕ್ಕಳನ್ನು ಗುಂಪಾಗಿ ಬಿಡಬೇಡಿ, ಕುದಿಯುವ ಪಾಕ ಮೈಗೆ ಸಿಡಿದರೆ ಅಂಟಿಕೊಂಡು ಸುಡುತ್ತದೆ.

ದೇವರಾಯನದುರ್ಗ (ತುಮಕೂರು)

ಆಲೆಮನೆಯ ಬಗ್ಗೆ ಮೇಲಿನವರು ಬರೆದ ಮೇಲೆ ನಾನು ಸೇರಿಸುವುದೇನೂ ಉಳಿದಿಲ್ಲ. ಚರಿತ್ರೆಯ ಅಧ್ಯಾಪಕನಾಗಿ ನಿವೃತ್ತನಾದವನು ನಾನು. ನೀರಿನ ಮತ್ತು ಚಳವಳಿಯ ವಿಷಯವನ್ನು ಮಾತ್ರ ಹೇಳುತ್ತೇನೆ.

ನಿಮ್ಮ ಬಸ್ಸು ತುಮಕೂರಿಗೆ ಬಂದಾಗ ದೇವರಾಯನದುರ್ಗದ ಬೆಟ್ಟವನ್ನು ಮಕ್ಕಳಿಗೆ ತೋರಿಸಿ, ಹತ್ತಲು ಹೊತ್ತಿಲ್ಲದಿದ್ದರೆ ದೂರದಿಂದಲಾದರೂ ಸರಿ. ಈ ಬೆಟ್ಟದ ಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ನಿಮ್ಮ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇದೇ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಇಳಿದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಮದ್ದೂರನ್ನು ಹಾದು ಕಾವೇರಿಗೆ ಬೀಳುತ್ತದೆ. ನಿಮ್ಮ ತಾಲ್ಲೂಕಿನ ನದಿಯನ್ನು ಸೇರುವ ಜಯಮಂಗಲಿಗೂ ಮದ್ದೂರಿನ ನದಿಗೂ ತವರು ಬೆಟ್ಟ ಒಂದೇ ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರೆ ಪ್ರವಾಸದ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಮಂಡ್ಯವು ಮೊದಲಿನಿಂದಲೂ ಕಬ್ಬಿನ ಊರಾಗಿತ್ತೆಂದು ಅನೇಕರು ತಿಳಿದಿದ್ದಾರೆ. ಕಾವೇರಿಯ ಹಳೆಯ ಅಣೆಗಳಿಂದ ಹೊರಟ ಚಿಕ್ಕದೇವರಾಯ ಸಾಗರ ನಾಲೆಯಂಥ ಕಾಲುವೆಗಳ ಕೆಳಗೆ, ಅಂದರೆ ಶ್ರೀರಂಗಪಟ್ಟಣದ ಸುತ್ತಮುತ್ತ, ಗದ್ದೆಯೂ ಕಬ್ಬೂ ಶತಮಾನಗಳಿಂದ ಇದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಎಂಬುದೊಂದು ನಡೆದು, ರೈತರ ಬೆಲ್ಲವನ್ನು ಕೊಂಡು ಅಲ್ಲಿ ಶುದ್ಧ ಸಕ್ಕರೆ ಮಾಡುತ್ತಿದ್ದರು. ಆದರೆ ಇಂದಿನ ಮಂಡ್ಯ, ಮದ್ದೂರುಗಳ ಬಹುಪಾಲು ನೆಲ ಮಳೆ ನಂಬಿದ ರಾಗಿಯ ನೆಲವಾಗಿತ್ತು. ಅದನ್ನು ಬದಲಿಸಿದ್ದು ಕನ್ನಂಬಾಡಿ ಕಟ್ಟೆ. 1911ರಲ್ಲಿ ಆರಂಭವಾದ ಕೆಲಸ ಎರಡು ದಶಕ ಹಿಡಿಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಎಂಬುದನ್ನು ಮಂಡ್ಯದ ಹುಡುಗರು ಮಗ್ಗಿಯಂತೆ ಹೇಳುತ್ತಾರೆ, ಏಕೆಂದರೆ ಪ್ರತಿ ಮಳೆಗಾಲದಲ್ಲಿ ಮನೆಮನೆಯ ಮಾತೂ ಆ ಅಂಕಿಯ ಸುತ್ತಲೇ ತಿರುಗುತ್ತದೆ. ಅಲ್ಲಿಂದ ಹೊರಟ ನಾಲೆಗೆ ಮೊದಲು ವೈಸ್‌ರಾಯ್ ಇರ್ವಿನ್ ಹೆಸರಿತ್ತು, ಈಗ ಅದು ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಬಳಿ ಅದು ನೆಲದಡಿಯ ಸುರಂಗದಲ್ಲಿ ಹಾದು ಹೋಗುತ್ತದೆ. ಬೃಂದಾವನದ ಕಾರಂಜಿಗೆ ಕೊಡುವ ಹೊತ್ತಿನಲ್ಲಿ ಅರ್ಧವನ್ನು ಈ ಸುರಂಗದ ಬಾಯಿಗೆ ಕೊಡಿ ಎಂಬುದು ನನ್ನ ಖಚಿತವಾದ ಸಲಹೆ. ಮಂಡ್ಯಕ್ಕೆ ನೀರು ಬಂದದ್ದು ಆ ಬಾಯಿಂದ.

ನೀರು ಬಂದ ಮೇಲೆ ಯಾವ ಬೆಳೆ ಎಂಬ ಪ್ರಶ್ನೆ ಎದ್ದಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಕಬ್ಬಿನ ಪರವಾಗಿ ನಿಂತರು. 1932ರಲ್ಲಿ ಆಮದು ಸಕ್ಕರೆಯ ಮೇಲೆ ರಕ್ಷಣಾ ಸುಂಕ ಬಂದದ್ದರಿಂದ ಇಡೀ ದೇಶದಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದವು, ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಜನ ಇದನ್ನು ಮೈಷುಗರ್ ಎನ್ನುತ್ತಾರೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ, ಅಂದರೆ ಕಾರ್ಖಾನೆಯ ಕೊಳವೆಯಿಂದ ಹೊಗೆ ಎದ್ದ ಮೇಲೆ. ಮಂಡ್ಯದ ಹೊರಗಿರುವ ವಿ.ಸಿ. ಫಾರಂನಲ್ಲಿ ಇಂದಿಗೂ ಕಬ್ಬಿನ ತಳಿಗಳ ಸಂಶೋಧನೆ ನಡೆಯುತ್ತಿದೆ. ಮೊದಲೇ ಪತ್ರ ಬರೆದು ಕೇಳಿಕೊಳ್ಳಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಗೌರಿಬಿದನೂರಿನ ಮಕ್ಕಳು ಮದ್ದೂರು ತಾಲ್ಲೂಕಿಗೆ ಹೋಗಿ ಶಿವಪುರವನ್ನು ನೋಡದೆ ಬಂದರೆ ನನಗೆ ನಿಜವಾಗಿ ನೋವಾಗುತ್ತದೆ. 1938ರ ಏಪ್ರಿಲ್ ತಿಂಗಳಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಶಿವಪುರದಲ್ಲಿ ಸೇರಿತು. ಧ್ವಜ ಹಾರಿಸಕೂಡದೆಂಬ ಸರ್ಕಾರದ ಆಜ್ಞೆಯನ್ನು ಮೀರಿ ಅಲ್ಲಿ ತ್ರಿವರ್ಣ ಧ್ವಜವನ್ನು ಎತ್ತಿದರು, ನಾಯಕರು ಬಂಧನಕ್ಕೊಳಗಾದರು. ಆ ಸುದ್ದಿ ಸಂಸ್ಥಾನವಿಡೀ ಹರಡಿತು. ಅದೇ ತಿಂಗಳ 25ರಂದು ನಿಮ್ಮ ವಿದುರಾಶ್ವತ್ಥದಲ್ಲಿ, ಜಾತ್ರೆಯ ಕಾಲದಲ್ಲಿ, ನಿಷೇಧವಿದ್ದರೂ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು. 30ಕ್ಕಿಂತ ಹೆಚ್ಚು ಎಂಬುದು ಜನರ ಲೆಕ್ಕ. ಅದಾದ ಮೇಲೆ ಗಾಂಧೀಜಿಯವರ ಸೂಚನೆಯಂತೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು, ಧ್ವಜ ಹಾರಿಸಲು ಅವಕಾಶ ದೊರೆಯಿತು. ಸಕ್ಕರೆ ಕಂಪನಿ ಹುಟ್ಟಿದಾಗ ದಿವಾನರಾಗಿದ್ದವರೂ ಇದೇ ಮಿರ್ಜಾ ಅವರು. ನಾಲೆಯನ್ನೂ ಕಾರ್ಖಾನೆಯನ್ನೂ ಕೊಟ್ಟ ಆಡಳಿತವೇ ಧ್ವಜವನ್ನು ತಡೆಯಿತು ಎಂಬ ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿದು ಯೋಚಿಸುವುದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಸಾಧ್ಯ. ಶಿವಪುರದ ಸತ್ಯಾಗ್ರಹ ಸೌಧ ಹೆದ್ದಾರಿಗೆ ದೂರವೇನಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ದೇವರಾಯನದುರ್ಗದ ಹಿರಿಯರ ಬರಹವನ್ನು ಓದಿ ಸಂತೋಷವಾಯಿತು. ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಪಾಠ ತುಮಕೂರಿನಲ್ಲಿ ಆರಂಭವಾಗಬಾರದು, ಹೊರಡುವ ಹಿಂದಿನ ವಾರ ನಮ್ಮ ಜಿಲ್ಲೆಯಲ್ಲೇ ಆರಂಭವಾಗಬೇಕು. ಮಂಡ್ಯದ ರೈತರ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿ ಯಾರ ಪಟವಿರುತ್ತದೋ ಆ ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಮ್ಮ ಮುದ್ದೇನಹಳ್ಳಿಯಲ್ಲಿ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಕಾವೇರಿಯ ಕಟ್ಟೆಗಾಗಿ ದುಡಿದರು. ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ, ಸಮಾಧಿಯೂ ಅದೇ ಊರಿನಲ್ಲಿದೆ. ಮಕ್ಕಳು ಮೊದಲು ಆ ಚಿಕ್ಕ ಮನೆಯನ್ನು ನೋಡಲಿ, ಆಮೇಲೆ ಕಟ್ಟೆಯ ಮುಂದೆ ನಿಲ್ಲಲಿ. ಮುದ್ದೇನಹಳ್ಳಿಯ ಸುತ್ತ ಒಣ ನೆಲವಿದೆ, ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ, ಸಾವಿರ ಅಡಿಗೂ ಕೆಳಗೆ ಹೋದ ಕೊಳವೆಬಾವಿಗಳು. ಹನ್ನೆರಡು ತಿಂಗಳು ನೀರು ಬೇಡುವ ಕಬ್ಬು ಇಲ್ಲಿ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಸಿಗುತ್ತದೆ.

ಇನ್ನೊಂದು ನಂಟನ್ನು ಕೇಳಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕಬಳ್ಳಾಪುರದಲ್ಲಿ ಮಾಡುತ್ತಿದ್ದ ಕಲ್ಲುಸಕ್ಕರೆ ಚೀನಾದ ಸಕ್ಕರೆಗೆ ಸಮನಾಗಿತ್ತೆಂದು ಬರೆದಿದ್ದಾನೆ. ಆ ವಿದ್ಯೆಯನ್ನು ಸುಲ್ತಾನ ಟಿಪ್ಪು ಶ್ರೀರಂಗಪಟ್ಟಣಕ್ಕೆ ತರಿಸಿ ಗುಟ್ಟಾಗಿ ಇಟ್ಟಿದ್ದನೆಂದೂ, ಅಲ್ಲಿಂದ ಅದು ನಮ್ಮೂರಿಗೆ ಬಂದಿತೆಂದೂ ಅವನ ಬರಹದಿಂದ ತಿಳಿಯುತ್ತದೆ. ಅಂದರೆ ಮಂಡ್ಯದಲ್ಲಿ ಕಾರ್ಖಾನೆ ಬರುವ ನೂರಾ ಮೂವತ್ತು ವರ್ಷಗಳ ಹಿಂದೆಯೇ ಚಿಕ್ಕಬಳ್ಳಾಪುರದ ಸಕ್ಕರೆಗೆ ಹೆಸರಿತ್ತು. ಈ ಮಾತನ್ನು ನಮ್ಮ ಊರಿನಲ್ಲಿಯೇ ಎಷ್ಟು ಜನ ಬಲ್ಲರು? ಶ್ರೀರಂಗಪಟ್ಟಣದ ಕೋಟೆಯಲ್ಲಿ ನಿಂತಾಗ ಯುದ್ಧದ ಕಥೆಯ ಜೊತೆಗೆ ಇದನ್ನೂ ಮಕ್ಕಳಿಗೆ ಹೇಳಿ.

ಮುದ್ದೇನಹಳ್ಳಿಗೆ ಹೋದ ದಿನವೇ ನಂದಿ ಗ್ರಾಮದ ಭೋಗನಂದೀಶ್ವರನನ್ನೂ ನೋಡಬಹುದು. ಒಂಬತ್ತನೆಯ ಶತಮಾನದಷ್ಟು ಹಳೆಯ ಆ ಗುಡಿಯ ಹಿಂದಿನ ಕಲ್ಯಾಣಿ, ಮಳೆನೀರನ್ನು ಹಿಡಿದಿಟ್ಟು ಬಾಳಿದ ಜನರ ಕೈಕೆಲಸ.

ಪಿನಾಕಿನಿ ದಂಡೆ (ಗೌರಿಬಿದನೂರು)

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಪ್ರತಿ ವರ್ಷ ಏಪ್ರಿಲ್ 25ರಂದು ಮಕ್ಕಳನ್ನು ವಿದುರಾಶ್ವತ್ಥದ ವೀರಸೌಧಕ್ಕೆ ಕರೆದೊಯ್ಯುತ್ತೇವೆ. ಸಾವಿರಾರು ನಾಗರ ಕಲ್ಲುಗಳ ನಡುವೆ, 2001ರಲ್ಲಿ ಬಿದ್ದ ಹಳೆಯ ಅಶ್ವತ್ಥ ಮರದ ಜಾಗವನ್ನು ತೋರಿಸುತ್ತೇವೆ. ಅದೇ ಪಾಠದ ಮೊದಲ ಅಧ್ಯಾಯ ಕಬ್ಬಿನ ಗದ್ದೆಗಳ ನಡುವಿನ ಒಂದು ಹಳ್ಳಿಯಲ್ಲಿದೆ ಎಂಬುದನ್ನು ಈ ಸಲ ಮಕ್ಕಳು ಕಣ್ಣಿನಿಂದ ನೋಡುತ್ತಾರೆ. ಶಿವಪುರ ಖಂಡಿತ ಪಟ್ಟಿಗೆ ಸೇರಿತು, ಮುದ್ದೇನಹಳ್ಳಿಗೆ ನವೆಂಬರ್‌ನಲ್ಲೇ ಒಂದು ದಿನ ಹೋಗುತ್ತೇವೆ.

ಇನ್ನು ಎರಡು ವಿಷಯ ಉಳಿದಿವೆ. ಕಬ್ಬಿನ ಸುತ್ತ ಬೆಳೆದ ಹಬ್ಬ ಮತ್ತು ಮನೆಯ ಆಚರಣೆಗಳನ್ನು ಹೇಗೆ ತೋರಿಸುವುದು, ಏಕೆಂದರೆ ನಾವು ಹೋಗುವುದು ಸಂಕ್ರಾಂತಿಗೆ ಮೊದಲು. ಮತ್ತೆ, ಎರಡನೆಯ ದಿನ ಶ್ರೀರಂಗಪಟ್ಟಣ ಮತ್ತು ಮೇಲುಕೋಟೆ ಎರಡಕ್ಕೂ ಹೊತ್ತು ಸಾಲದು ಎನಿಸುತ್ತಿದೆ. ಒಂದನ್ನು ಬಿಡುವುದಾದರೆ ಯಾವುದನ್ನು?

ಅಂತರಗಂಗೆ (ಕೋಲಾರ)

ಸರ್, ಹಬ್ಬದ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ತವರು ಪಾಂಡವಪುರದ ಕಡೆ, ಮದುವೆಯಾಗಿ ಕೋಲಾರಕ್ಕೆ ಬಂದವಳು, ಎರಡೂ ಸೀಮೆಗಳ ಸಂಕ್ರಾಂತಿಯನ್ನು ಬಲ್ಲೆ. ಮಂಡ್ಯದ ಸಂಕ್ರಾಂತಿ ದನಗಳ ಹಬ್ಬ. ಬೆಳಿಗ್ಗೆ ದನಕರುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಮೈಗೆ ಅರಿಶಿನ ಹಚ್ಚಿ, ಕೊರಳಿಗೆ ಹೂ, ಗೆಜ್ಜೆ ಕಟ್ಟುತ್ತಾರೆ. ಸಂಜೆ ಊರ ಮುಂದೆ ಹುಲ್ಲು ಹರಡಿ ಬೆಂಕಿ ಹಚ್ಚಿ ಕಿಚ್ಚು ಹಾಯಿಸುತ್ತಾರೆ, ಎತ್ತಿನ ಜೊತೆ ಅದರ ಒಡೆಯನೂ ಹಗ್ಗ ಹಿಡಿದು ಓಡುತ್ತಾನೆ. ಡಿಸೆಂಬರ್‌ನಲ್ಲಿ ಅದು ನೋಡಲು ಸಿಗುವುದಿಲ್ಲ, ನಿಜ. ಆದರೆ ಉಳಿದುಕೊಳ್ಳುವ ಊರಿನ ಹಿರಿಯ ಹೆಂಗಸರನ್ನು ಒಂದು ಸಂಜೆ ಕೂರಿಸಿ ಸೋಬಾನೆ ಪದ ಹೇಳಿಸಿದರೆ, ಮಾತಿಗೆ ಮಾತು ಬೆಳೆದು ಹಬ್ಬದ ಕಥೆಯೂ ತಾನಾಗಿ ಬರುತ್ತದೆ. ಹಾಡಿನವರಿಗೆ ಎಲೆ ಅಡಿಕೆ, ಒಂದು ರವಿಕೆ ಕಣ ಕೊಡುವುದನ್ನು ಮರೆಯಬೇಡಿ.

ಮಕ್ಕಳೇ ಕೈಯಾರೆ ಮಾಡಬಹುದಾದ ಕೆಲಸವೊಂದಿದೆ, ಸಕ್ಕರೆ ಅಚ್ಚು. ಮರದ ಅಚ್ಚುಗಳು ಹಳೆಯ ಮನೆಗಳಲ್ಲಿ ಈಗಲೂ ಅಟ್ಟದ ಮೇಲೆ ಬಿದ್ದಿರುತ್ತವೆ, ನಿಮ್ಮ ಗೌರಿಬಿದನೂರಿನಲ್ಲೂ ಕೇಳಿದರೆ ಸಿಕ್ಕಾವು. ಹಿಂದಿನ ರಾತ್ರಿಯೇ ಅವನ್ನು ನೀರಿನಲ್ಲಿ ನೆನೆಸಬೇಕು, ಒಣ ಮರಕ್ಕೆ ಪಾಕ ಹಿಡಿದುಕೊಂಡರೆ ಅಚ್ಚು ಬಿಡುವುದಿಲ್ಲ. ಸಕ್ಕರೆಯ ಪಾಕಕ್ಕೆ ಸ್ವಲ್ಪ ಹಾಲು ಹಾಕಿ ಕುದಿಸಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿ, ಮತ್ತೆ ಸ್ವಲ್ಪ ಸ್ವಲ್ಪವೇ ಪಾತ್ರೆಗೆ ಹಾಕಿಕೊಂಡು ಕಾಯಿಸಿ, ಪಾಕ ಬೆಳ್ಳಗಾಗುತ್ತ ಬರುವಾಗ ಜೋಡಿಸಿ ಕಟ್ಟಿದ ಅಚ್ಚಿಗೆ ಹುಯ್ಯಬೇಕು. ಗಟ್ಟಿಯಾದ ಮೇಲೆ ಮೆಲ್ಲಗೆ ಬಿಡಿಸಿದರೆ ಆನೆಯೋ ಗಿಳಿಯೋ ತುಳಸಿಕಟ್ಟೆಯೋ ಹೊರಬರುತ್ತದೆ. ಆಲೆಮನೆಯಲ್ಲಿ ಮಡ್ಡಿ ತೆಗೆದದ್ದೂ ಪಾಕ ನೋಡಿದ್ದೂ ಇಲ್ಲಿ ಅಡುಗೆಮನೆಯ ಅಳತೆಯಲ್ಲಿ ಮತ್ತೆ ನಡೆಯುತ್ತದೆ. ಪ್ರವಾಸದಿಂದ ಹಿಂತಿರುಗಿ, ಸಂಕ್ರಾಂತಿಯ ಹಿಂದಿನ ವಾರ ಶಾಲೆಯಲ್ಲೇ ಮಾಡಿಸಿ. ಒಲೆಯ ಹತ್ತಿರ ದೊಡ್ಡವರೇ ಇರಲಿ, ಅಚ್ಚು ಕಟ್ಟುವುದು ಮತ್ತು ಬಿಡಿಸುವುದು ಮಕ್ಕಳ ಪಾಲಿಗೆ.

ಮೇಲುಕೋಟೆಯೋ ಶ್ರೀರಂಗಪಟ್ಟಣವೋ ಎಂದು ಕೇಳಿದ್ದೀರಿ. ನಾನಾದರೆ ಮೇಲುಕೋಟೆ ಎನ್ನುತ್ತೇನೆ, ತವರಿನ ಕಡೆಯದೆಂಬ ಪಕ್ಷಪಾತವೂ ಅದರಲ್ಲಿ ಸೇರಿರಬಹುದು. ರಾಮಾನುಜಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿ ನೆಲೆಸಿದ್ದ ಊರು. ಕಲ್ಯಾಣಿ, ಚೆಲುವನಾರಾಯಣನ ಗುಡಿ, ಬೆಟ್ಟದ ಮೇಲಿನ ಯೋಗನರಸಿಂಹ, ಅರ್ಧಕ್ಕೇ ನಿಂತ ರಾಯಗೋಪುರ, ಪು.ತಿ.ನ. ಅವರ ಮನೆ, ಎಲ್ಲವೂ ನಡೆದೇ ನೋಡುವಷ್ಟು ಹತ್ತಿರ. ಬೆಟ್ಟದ ಮೇಲೆ ನಿಂತರೆ ಸುತ್ತಲಿನ ಒಣ ಗುಡ್ಡಗಳೂ ದೂರದ ಹಸಿರು ಬಯಲೂ ಒಂದೇ ನೋಟದಲ್ಲಿ ಕಾಣುತ್ತವೆ. ಇಷ್ಟಾದರೂ ಬುಕಾನನ್ ಹೇಳಿದ ಸಕ್ಕರೆಯ ಮಾತಿಗಾಗಿ ಶ್ರೀರಂಗಪಟ್ಟಣದಲ್ಲಿ ಒಂದು ಗಂಟೆ ನಿಲ್ಲಿ, ದರಿಯಾ ದೌಲತ್‌ನ ಗೋಡೆಯ ಚಿತ್ರಗಳಿಗೆ ಅಷ್ಟು ಹೊತ್ತು ಸಾಕು.

ಕಟ್ಟೆಯ ಹಿನ್ನೀರಿನ ಹೊಸ ಕನ್ನಂಬಾಡಿಯನ್ನು ಯಾರೂ ಹೇಳಲಿಲ್ಲ. ಜಲಾಶಯದಲ್ಲಿ ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಮಂಡ್ಯದ ಹಸಿರಿಗಾಗಿ ಊರು ಬಿಟ್ಟವರೂ ಇದ್ದರು ಎಂಬುದನ್ನು ಮಕ್ಕಳಿಗೆ ಹೇಳಲು ಅದಕ್ಕಿಂತ ಸರಿಯಾದ ಜಾಗವಿಲ್ಲ.

ಹುಲಿಯೂರುದುರ್ಗದ ದಾರಿ (ಕುಣಿಗಲ್)

ಅಕ್ಕ ಹೇಳಿದ್ದನ್ನೆಲ್ಲ ಸೇರಿಸಿದರೆ ದಾರಿ ಹೀಗಾಗುತ್ತದೆ, ಮೇಷ್ಟ್ರೇ. ಮೊದಲ ದಿನ ಬೆಳಗಿನ ಜಾವವೇ ಹೊರಟು ತುಮಕೂರು, ಕುಣಿಗಲ್, ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ಬನ್ನಿ. ಶಿವಪುರ ನೋಡಿ, ಊಟ ಮುಗಿಸಿ, ಮಧ್ಯಾಹ್ನ ಆಲೆಮನೆಗೆ. ರಾತ್ರಿ ತಂಗುವ ಹಳ್ಳಿಯಲ್ಲೇ ಸೋಬಾನೆಯವರನ್ನು ಕರೆಯೋಣ. ಎರಡನೆಯ ದಿನ ಮೊದಲು ಮೇಲುಕೋಟೆ, ಆಮೇಲೆ ಹೊಸ ಕನ್ನಂಬಾಡಿ, ಹುಲಿಕೆರೆಯ ಸುರಂಗ, ಕೊನೆಗೆ ಶ್ರೀರಂಗಪಟ್ಟಣ, ಅಲ್ಲಿಂದ ಬೆಂಗಳೂರಿನ ಮೇಲೆ ಊರಿಗೆ. ನಾಲೆಯ ದಂಡೆಯಲ್ಲಿ ಮಕ್ಕಳನ್ನು ನೀರಿಗೆ ಇಳಿಯಲು ಬಿಡಬೇಡಿ. ನೀರು ಬಿಟ್ಟಾಗ ಸೆಳೆತ ಜೋರು, ದಂಡೆ ಜಾರುತ್ತದೆ. ಅಲ್ಲಿ ಆದ ಅನಾಹುತಗಳನ್ನು ಕಂಡವರಿದ್ದಾರೆ.

ಮಾವನವರ ಹತ್ತಿರ ಮಾತಾಡಿದೆ. ಮಕ್ಕಳು ಬರುವ ದಿನ ಗೊತ್ತಾದರೆ ಅಂದಿನ ಎರಡನೆಯ ಕೊಪ್ಪರಿಗೆಯನ್ನು ನೀವು ಬಂದ ಮೇಲೆಯೇ ಒಲೆಗೆ ಏರಿಸುತ್ತಾರಂತೆ, ಮತ್ತು ಆ ಕೊಪ್ಪರಿಗೆಗೆ ಹೈಡ್ರೋಸ್ ಹಾಕುವುದಿಲ್ಲವಂತೆ. ಎಷ್ಟು ಮಕ್ಕಳು, ಯಾವ ತಾರೀಕು ಎಂಬುದನ್ನು ಒಂದು ವಾರ ಮೊದಲು ಇಲ್ಲಿಯೇ ತಿಳಿಸಿ. ಅಷ್ಟರಲ್ಲಿ ಕಡಿಯಬೇಕಾದ ಕಬ್ಬನ್ನು ಅವರು ಗೊತ್ತು ಮಾಡಿಟ್ಟಿರುತ್ತಾರೆ.